ಆರನೇ ಕ್ಲಾಸು ದಾಟದ ಹುಡುಗ: ಕಾಮಿಕ್ ಸ್ಟ್ರಿಪ್ ಬರೆಯುವವನ ಅನುಭವ

ಪೊನ್ನು ನನ್ನ ಕಾಮಿಕ್ ಸ್ಟ್ರಿಪ್‌ನ ಹುಡುಗ. ಮಡಿಕೇರಿ ಹತ್ತಿರದ ಒಂದು ಕಾಫಿ ತೋಟ, ಅಲ್ಲೊಂದು ಮನೆ, ಒಬ್ಬ ಅಜ್ಜಿ, ಒಂದು ನಾಯಿ. ವಾರಕ್ಕೊಂದು ಕಂತು, ನಾಲ್ಕು ಚೌಕ, ಫೋನಿನಲ್ಲೇ ಓದಬಹುದು. ಶುರು ಮಾಡಿ ಕೆಲವು ವರ್ಷ ಆಯ್ತು, ಹುಡುಗ ಮಾತ್ರ ಇನ್ನೂ ಆರನೇ ಕ್ಲಾಸು. "ಇವನು ಪ್ರತಿ ವರ್ಷ ಫೇಲಾಗ್ತಿದ್ದಾನಾ?" ಅಂತ ಓದುಗರೊಬ್ಬರು ಕೇಳಿದರು. ತಮಾಷೆಗೇ ಕೇಳಿದ್ದು, ಆದರೂ ಪ್ರಶ್ನೆ ಸರಿಯಾಗಿಯೇ ಇತ್ತು.

ಫ್ಯಾಂಟಮ್‌ಗೆ ಯಾರೂ ಹೀಗೆ ಕೇಳುವುದಿಲ್ಲ, ನೋಡಿ. ಅದು 1936ರಲ್ಲಿ ಶುರುವಾದ, ಕಾಡಿನಲ್ಲಿರುವ ಮುಖವಾಡದ ವೀರನೊಬ್ಬನ ಸ್ಟ್ರಿಪ್. ಅಪ್ಪ ಸತ್ತ ಮೇಲೆ ಮಗ ಮುಖವಾಡ ಹಾಕಿಕೊಳ್ಳುತ್ತಾನೆ, ಈಗಿನವನು 21ನೆಯವನು ಅಂತ ಕತೆಯೇ ಹೇಳುತ್ತದೆ. ಆದರೆ ಈ 21ನೆಯವನೇ ಮೊದಲ ಕಂತಿನಿಂದ ಓಡಾಡುತ್ತಿದ್ದಾನೆ! ಡಯಾನಾಳನ್ನು ಮದುವೆಯಾಗಿದ್ದು 1977ರಲ್ಲಿ. ನಲವತ್ತು ವರ್ಷ ಪ್ರೀತಿ ಮಾಡಿ ಮದುವೆಯಾದ ಗಂಡಿಗೆ ಒಂದು ನೆರೆಗೂದಲೂ ಇರಲಿಲ್ಲ. ಯಾರಾದರೂ ತಕರಾರು ಮಾಡಿದರಾ?

ನಮ್ಮ ಬೇತಾಳನೂ ಅಷ್ಟೇ. ಹಳೆಯ ಸಂಸ್ಕೃತದ ಪುಸ್ತಕದಲ್ಲಿ ಹೆಣದೊಳಗೆ ಕೂತು ಅವನು ರಾಜನಿಗೆ ಹೇಳುವ ಕತೆಗಳ ಲೆಕ್ಕ 25, ರಾಜ ಉತ್ತರ ಹೇಳಿದರೆ ಹೆಣ ಮತ್ತೆ ಮರಕ್ಕೆ. ಕೊನೆಯ ಕತೆಗೆ ರಾಜನ ಹತ್ತಿರ ಉತ್ತರವಿಲ್ಲ, ಅವನು ಸುಮ್ಮನಿರುತ್ತಾನೆ, ಅಲ್ಲಿಗೆ ಮುಗಿಯಿತು. ಚಂದಮಾಮದಲ್ಲಿ ಮಾತ್ರ ದಶಕಗಟ್ಟಲೆ ಮುಗಿಯಲೇ ಇಲ್ಲ. ಪ್ರತಿ ತಿಂಗಳೂ ರಾಜ ಬಾಯಿ ಬಿಡಬೇಕು, ಹೆಣ ಮರಕ್ಕೆ ಹಾರಬೇಕು. ಈ ರಾಜನಿಗೆ ಬುದ್ಧಿ ಬರಲ್ವಾ ಅಂತ ಚಿಕ್ಕಂದಿನಲ್ಲಿ ನಮಗೆ ಒಮ್ಮೆಯೂ ಅನಿಸಿದ್ದಿಲ್ಲ.

ಹೊಸದಾಗಿ ಬರೆಯುವವರಿಗೆ ಈ ರಿಯಾಯಿತಿ ಇಲ್ಲ. ಹಾಗಂತ ಹಳೆಯ ರೂಢಿಗಳನ್ನೆಲ್ಲ ಬಿಟ್ಟುಬಿಡಲು ನನಗೆ ಮನಸ್ಸು ಬರಲಿಲ್ಲ, ಓದಲು ಕಲಿತಿದ್ದೇ ಅವುಗಳಿಂದ. ಅದಕ್ಕೆ ಒಂದೊಂದನ್ನೇ ಎತ್ತಿಕೊಂಡು ನೋಡಿದೆ: ಇದು ಮೊದಲು ಯಾಕೆ ಬಂತು, ಆ ಕಾರಣ ಇವತ್ತು ಕೊಡಗಿನಲ್ಲಿ ಇದೆಯಾ? ಇದ್ದರೆ ಇಟ್ಟುಕೊಂಡೆ.

ಮೊದಲು "ಇಲ್ಲಿಯವರೆಗೆ" ಚೌಕ. ದಿನಪತ್ರಿಕೆಯ ಸ್ಟ್ರಿಪ್‌ಗಳಲ್ಲಿ ಮೊದಲ ಚೌಕ ನಿನ್ನೆಯ ಕತೆಯನ್ನೇ ಮತ್ತೆ ಹೇಳುತ್ತಿತ್ತು, ಯಾಕೆಂದರೆ ನಿನ್ನೆಯ ಪೇಪರ್ ಸಿಗದವರೂ ಇರುತ್ತಿದ್ದರು. ಈಗ ಹಳೆಯ ಕಂತುಗಳೆಲ್ಲ ಬೆರಳ ತುದಿಯಲ್ಲಿವೆ, ಇದು ಯಾಕೆ ಬೇಕು ಅಂತ ಬೆಂಗಳೂರಿನ ಗೆಳೆಯನೊಬ್ಬ ಕೇಳಿದ. ಅವನು ಜುಲೈನಲ್ಲಿ ಒಂದು ವಾರ ಭಾಗಮಂಡಲದ ಕಡೆ ಬಂದು ಇರಲಿ. ಮಳೆ ಹಿಡಿಯಿತೆಂದರೆ ಮರ ಬೀಳುತ್ತದೆ, ಲೈನ್ ಹೋಗುತ್ತದೆ, ಟವರ್‌ನ ಬ್ಯಾಟರಿ ಮುಗಿಯುತ್ತದೆ, ಆಮೇಲೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ವಾಪಸ್ ಬಂದಾಗ ಯಾರೋ ಫಾರ್ವರ್ಡ್ ಮಾಡಿದ ಕಂತು ಮಧ್ಯದಿಂದ ಕೈಗೆ ಸಿಗುತ್ತದೆ. ಪೇಪರ್ ತಪ್ಪಿಸಿಕೊಂಡವರ ಕಷ್ಟವೇ ತಾನೇ ಇದು? ಹಾಗಾಗಿ ಮಳೆಗಾಲದಲ್ಲಿ ಒಂದು ಚೌಕವನ್ನು ಹಿಂದಿನ ಕತೆಗೇ ಕೊಡುತ್ತೇನೆ. ಬೇಸಿಗೆಯಲ್ಲಿ ಬಿಟ್ಟುಬಿಡುತ್ತೇನೆ. ಯಾರೂ ಗಮನಿಸಿಲ್ಲ ಅನಿಸುತ್ತದೆ.

ಯೋಚನೆಯ ಗುಳ್ಳೆ ಅಷ್ಟು ಸುಲಭವಾಗಿರಲಿಲ್ಲ. ತಲೆಯ ಮೇಲೆ ಮೋಡ, ಕೆಳಗೆ ಸಣ್ಣ ಸಣ್ಣ ಗುಂಡು. ಹೊಸ ಕಾಮಿಕ್‌ಗಳಲ್ಲಿ ಇದು ಹೆಚ್ಚು ಕಡಿಮೆ ಹೋಗಿಯೇ ಬಿಟ್ಟಿದೆ, ಮನಸ್ಸಿನ ಮಾತಿಗೆ ಸುಮ್ನೆ ಒಂದು ಡಬ್ಬಿ ಹಾಕುತ್ತಾರೆ. ಆದರೆ 1978ರಲ್ಲಿ ಶುರುವಾದ ಗಾರ್ಫೀಲ್ಡ್ ನಡೆಯುವುದೇ ಗುಳ್ಳೆಯ ಮೇಲೆ. ಆ ಬೆಕ್ಕು ಏನು ಹೇಳಿದರೂ ಗುಳ್ಳೆಯಲ್ಲೇ, ಬಾಯಿ ತೆರೆದು ಮಾತಾಡುವುದಿಲ್ಲ. ಅದನ್ನು ನೋಡಿ ನಾನೂ ಗುಳ್ಳೆಯನ್ನು ನಾಯಿಗೆ ಮಾತ್ರ ಇಟ್ಟೆ. ಮನುಷ್ಯರು ಬಾಯಲ್ಲೇ ಹೇಳಬೇಕು, ಇಲ್ಲವೇ ಮುಖದಲ್ಲಿ ತೋರಿಸಬೇಕು. ಅಜ್ಜಿ ಮಾತಾಡದೆ ಒಲೆಗೆ ಸೌದೆ ತಳ್ಳುವ ಚೌಕವೊಂದು ಬಂದಿದ್ದು ಈ ನಿಯಮದಿಂದಲೇ, ಗುಳ್ಳೆ ಇದ್ದಿದ್ದರೆ ಅಲ್ಲಿ ಏನೋ ಸುಡುಗಾಡು ಬರೆದಿರುತ್ತಿದ್ದೆ.

ಬಟ್ಟೆಯ ವಿಷಯ ಜಾಸ್ತಿ ಹೇಳುವುದಿಲ್ಲ. ಪೊನ್ನು ಯಾವಾಗಲೂ ನೀಲಿ ರೇನ್‌ಕೋಟ್. ವರ್ಷದ ನಾಲ್ಕು ತಿಂಗಳು ಇಲ್ಲಿ ಅದು ಸಹಜವೇ, ಉಳಿದ ಎಂಟು ತಿಂಗಳು ಬರೆಯುವವನ ಸೋಮಾರಿತನ.

ಖಳನ ಪರಿಚಯದಲ್ಲಿ ಮಜಾ ಇದೆ. ವಿಜಯದಶಮಿ ರಾತ್ರಿ ಮಡಿಕೇರಿಯಲ್ಲಿ ದಶಮಂಟಪ ನೋಡಿದವರಿಗೆ ಗೊತ್ತು. ಹತ್ತು ದೇವಸ್ಥಾನಗಳ ಮಂಟಪಗಳು, ಆಳೆತ್ತರ ಮೀರಿದ ಗೊಂಬೆಗಳು, ಹೊಗೆ, ಲೈಟು, ಕಿವಿಗಡಚಿಕ್ಕುವ ಸೌಂಡು. ಅಸುರ ಬಂದವನೇ ತಾನು ಯಾರು, ಎಂಥ ವರ ಪಡೆದಿದ್ದೇನೆ, ಯಾರನ್ನು ಕೊಲ್ಲಲಿದ್ದೇನೆ ಎಲ್ಲ ಹೇಳಿ ಗಹಗಹಿಸಿ ನಗುತ್ತಾನೆ. ಸಿನಿಮಾದಲ್ಲಿ ಇವತ್ತು ಹೀಗೆ ಮಾಡಿದರೆ ಜನ ಎದ್ದು ಹೋಗುತ್ತಾರೆ. ಇಲ್ಲಿ ಚಳಿಯಲ್ಲಿ ಬೆಳಗಿನ ಜಾವದವರೆಗೆ ನಿಂತು ನೋಡುತ್ತಾರೆ, ನಾನೂ ನೋಡುತ್ತೇನೆ. ಕಾರಣ ಇದೆ. ಮುಂದೆ ಸಾವಿರಾರು ತಲೆ, ಹಿಂದೆ ನಿಂತವನಿಗೆ ಗೊಂಬೆಯ ಅರ್ಧ ಮುಖ ಕಾಣುತ್ತದೆ, ಆ ಗದ್ದಲದಲ್ಲಿ ಅಸುರ ತಾನೇ ಹೆಸರು ಹೇಳದಿದ್ದರೆ ಇನ್ಯಾರು ಹೇಳಬೇಕು? ಫೋನಿನ ಪರದೆಯಲ್ಲಿ ಆ ತೊಂದರೆ ಇಲ್ಲ. ಅದಕ್ಕೆ ನನ್ನ ಸ್ಟ್ರಿಪ್‌ನಲ್ಲಿ ಕಾಫಿ ಕೊಳ್ಳುವ ದಲ್ಲಾಳಿ ಮೆಲ್ಲಗೆ, ನಯವಾಗಿ ಮಾತಾಡುತ್ತಾನೆ. ಅಸುರನ ಗತ್ತು ಪೂರ್ತಿ ಕಾಡುಹಂದಿಗೆ ಹೋಯಿತು. "ಮೂರು ತೋಟಗಳ ಒಡೆಯ ನಾನು, ಸೋಲಾರ್ ಬೇಲಿಗೆ ಹೆದರದ ವರ ಪಡೆದವನು!" ಅಂತ ಅದು ಗೆಣಸಿನ ಪಾತಿಗೆ ಇಳಿಯುತ್ತದೆ.

ಹೆಚ್ಚು ತಲೆ ಕೆಡಿಸಿದ್ದು ವಯಸ್ಸೇ. ಗ್ಯಾಸೋಲಿನ್ ಆಲಿ ಅಂತ ಒಂದು ಅಮೆರಿಕನ್ ಸ್ಟ್ರಿಪ್ ಇದೆ, 1918ರದ್ದು. 1921ರಲ್ಲಿ ಅದರಲ್ಲಿ ಬಾಗಿಲ ಮುಂದೆ ಒಂದು ಕೂಸು ಸಿಗುತ್ತದೆ. ಆ ಕೂಸು ಓದುಗರ ಜೊತೆಗೇ ಬೆಳೆದು ದೊಡ್ಡದಾಯಿತು. ಪೊನ್ನುವನ್ನೂ ಹಾಗೇ ಬೆಳೆಸೋಣವೇ ಅಂದುಕೊಂಡೆ. ಆದರೆ ತೋಟದ ಕತೆ ಸುತ್ತುವುದೇ ಋತುವಿನ ಜೊತೆ. ಹೂಮಳೆ, ಕಾಫಿ ಹೂ, ಮುಂಗಾರು, ಕೈಲ್‌ಪೊಳ್ದ್ ಹಬ್ಬ, ತುಲಾ ಸಂಕ್ರಮಣ, ಪುತ್ತರಿ ಹಬ್ಬ, ಕಾಫಿ ಕೊಯ್ಲು, ಮತ್ತೆ ಹೂಮಳೆ. ತೋಟವೇ ಹೀಗೆ ಪ್ರತಿ ವರ್ಷ ಅದೇ ಜಾಗಕ್ಕೆ ಬಂದು ನಿಲ್ಲುವಾಗ ಹುಡುಗನೂ ನಿಂತರೆ ತಪ್ಪಿಲ್ಲ ಅನಿಸಿತು.

ಅಡ್ಡ ಬಂದಿದ್ದು 2018. ಆ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡ ಕುಸಿದ ಮೇಲೆ ನಮ್ಮಲ್ಲಿ ಕಾಲವೇ ಎರಡು ಭಾಗ ಆಗಿದೆ. ಮನೆ ಕಟ್ಟಿದ್ದು ಯಾವಾಗ ಅಂದರೆ "2018ಕ್ಕೆ ಮೊದಲು" ಅನ್ನುತ್ತಾರೆ. ಈ ಊರಿನ ಕತೆಯಲ್ಲಿ ಅದು ಇಲ್ಲವೇ ಇಲ್ಲ ಅನ್ನುವಂತೆ ಬರೆಯಲು ನನಗಾಗದು. ಇದ್ದರೆ ಪೊನ್ನುಗೆ ಆಗ ಎಷ್ಟು ವಯಸ್ಸು? ನಾನು ಕಂಡುಕೊಂಡ ದಾರಿ ಇದು. ಇಸವಿ ದೊಡ್ಡವರ ಬಾಯಲ್ಲಿ ಮಾತ್ರ ಬರುತ್ತದೆ. ಅಜ್ಜಿ ಹೇಳುತ್ತಾಳೆ, ಅಪ್ಪ ಜೋರು ಮಳೆಯ ರಾತ್ರಿ ಎದ್ದು ಮನೆಯ ಹಿಂದಿನ ಬರೆಗೆ, ಅಂದರೆ ಕಡಿದಾದ ಮಣ್ಣಿನ ಗೋಡೆಗೆ, ಟಾರ್ಚ್ ಬಿಟ್ಟು ನೋಡುತ್ತಾನೆ. "ನಾನು ಆಗ ಎಲ್ಲಿದ್ದೆ?" ಅಂತ ಹುಡುಗ ಎಂದೂ ಕೇಳುವುದಿಲ್ಲ. ಲೆಕ್ಕ ಹಾಕುವ ಓದುಗರು ಹಾಕಿಕೊಳ್ಳಲಿ.

ಒಂದನ್ನು ಮಾತ್ರ ಯಾವ ಕಾರಣಕ್ಕೂ ತೆಗೆದುಕೊಳ್ಳಲಿಲ್ಲ. ಫ್ಯಾಂಟಮ್ ಕತೆಯಲ್ಲಿ ಕಾಡಿನ ಜನರೆಲ್ಲ ಒಬ್ಬ ಬಿಳಿಯನಿಗೆ ಕೈಮುಗಿಯುತ್ತಾರಲ್ಲ, ಹಳೆಯದು ಅಂತ ಅದನ್ನು ಇವತ್ತೂ ಸಹಿಸಿಕೊಳ್ಳುತ್ತೇವೆ. ಅದರ ತಮ್ಮನೇ ನಮ್ಮ ತೋಟದ ಕತೆಗಳಲ್ಲೂ ಇದ್ದಾನೆ. ಲೈನ್ ಮನೆಯ, ಅಂದರೆ ತೋಟದ ಆಳುಗಳ ಸಾಲುಮನೆಯ, ಯರವ, ಕುರುಬ ಬುಡಕಟ್ಟಿನ ಆಳು ಬರುವುದೇ ನಗಿಸಲು, ಅವನ ಕನ್ನಡವೇ ಜೋಕು. ಅದು ಮೊದಲು ಯಾಕೆ ಬಂತು ಅಂತ ಕೇಳಿಕೊಂಡರೆ ಬರುವ ಉತ್ತರ ಚೆನ್ನಾಗಿಲ್ಲ. ಬರೆಯುತ್ತಿದ್ದವರು ಬಂಗಲೆಯ ಜಗಲಿಯಲ್ಲಿ ಕೂತು ನೋಡುತ್ತಿದ್ದರು, ಅಷ್ಟೇ. ನನ್ನ ಸ್ಟ್ರಿಪ್‌ನಲ್ಲಿ ಲೈನ್ ಮನೆಯ ಹುಡುಗಿ ಪೊನ್ನುವಿನ ಕ್ಲಾಸ್‌ಮೇಟ್. ಅವಳ ಮಾತಿರುವ ಕಂತನ್ನು ಹಾಕುವ ಮೊದಲು ನಮ್ಮ ತೋಟದ ಲೈನ್‌ನಲ್ಲೇ ಬೆಳೆದು ಈಗ ಟೀಚರ್ ಆಗಿರುವ ಒಬ್ಬರಿಗೆ ಕಳಿಸುತ್ತೇನೆ. ಅವರು ತಿದ್ದುವುದಕ್ಕಿಂತ ಹೊಡೆದು ಹಾಕುವುದೇ ಜಾಸ್ತಿ, ಅಂಥ ವಾರ ನಾಲ್ಕರ ಬದಲು ಮೂರೇ ಚೌಕ ಹೋಗುತ್ತದೆ.