ಕಳೆ ಔಷಧಿ ಇಲ್ಲದ ಅಂಗಳ, ಎರಡು ನಾಯಿ, ಆರು ಮಳೆಗಾಲ

"ಮಲೆನಾಡಿನ ಮಳೆಯಲ್ಲಿ ಕಳೆ ಔಷಧಿ ಹೊಡೆಯದೆ ಅಂಗಳ ಉಳಿಸ್ಕೋತೀರಾ? ನೋಡೋಣ" ಎಂದು ನಮ್ಮ ತೋಟದ ಲೆಕ್ಕ ಬರೆಯುವ ರೈಟರು ನಕ್ಕಿದ್ದರು. ಈ ವರ್ಷ ಅವರೇ ತಮ್ಮ ಮನೆ ಮುಂದೆ ನೆಡಲು ನಮ್ಮ ಅಂಗಳದ ನೆಲ ಮುಚ್ಚುವ ಬಳ್ಳಿ ಕೇಳಿಕೊಂಡು ಬಂದರು. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾಗಿದ್ದು ಕರಿಯನಿಂದ. ಲ್ಯಾಬ್ರಡಾರ್, ಒಂಬತ್ತು ವರ್ಷ. ಮೂತ್ರದಲ್ಲಿ ರಕ್ತ ಬಂತು. ಸೋಂಕು ಎಂದು ಮೂರು ಸಲ ಆಂಟಿಬಯೋಟಿಕ್ ಕೊಟ್ಟೆವು. ಒಂದು ವಾರ ಹುಷಾರು, ಮತ್ತೆ ಅದೇ. ಕೊನೆಗೆ ಬೆಂಗಳೂರಿನಲ್ಲಿ ಸ್ಕ್ಯಾನ್ ಮಾಡಿಸಿದರೆ ಮೂತ್ರಕೋಶದ ಕುತ್ತಿಗೆಯಲ್ಲೇ ಕ್ಯಾನ್ಸರ್ ಗಡ್ಡೆ. ಆಪರೇಷನ್ ಮಾಡಲಾಗದ ಜಾಗ. ಪೈರಾಕ್ಸಿಕ್ಯಾಮ್ ಅನ್ನುವ ನೋವು-ಉರಿಯೂತದ ಮಾತ್ರೆಯಲ್ಲಿ ಐದು ತಿಂಗಳು ಇದ್ದ. ಓಡಾಟ, ಔಷಧಿ ಎಲ್ಲ ಸೇರಿ 60 ಸಾವಿರದ ಹತ್ತಿರ ಹೋಯಿತು.

ಅವನು ದಿನವಿಡೀ ಮಲಗುತ್ತಿದ್ದುದು ಕಾಫಿ ಕಣದ ಅಂಚಿನ ಹುಲ್ಲಿನ ಮೇಲೆ. ಅದೇ ಹುಲ್ಲಿಗೆ ವರ್ಷಕ್ಕೆ ಮೂರು ಸಲ 2,4-ಡಿ, ಇಲ್ಲವೇ ಗ್ಲೈಫೋಸೇಟ್ ಅನ್ನುವ ಕಳೆ ಔಷಧಿ ಹೊಡೆಸುತ್ತಿದ್ದವನು ನಾನೇ. ಅದರಿಂದಲೇ ಕಾಯಿಲೆ ಬಂತು ಅನ್ನುವುದಿಲ್ಲ, ಒಂದು ನಾಯಿ ನೋಡಿ ಹಾಗೆ ಹೇಳಲಾಗುವುದಿಲ್ಲ. ಆದರೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2004ರಲ್ಲಿ ಬರೆದದ್ದು ಓದಿ ನಿದ್ದೆ ಕೆಟ್ಟಿತು. ಕಳೆನಾಶಕ ಹೊಡೆದ ಹುಲ್ಲಿನಲ್ಲಿ ಓಡಾಡಿದ ಸ್ಕಾಟಿಷ್ ಟೆರಿಯರ್‌ಗಳಲ್ಲಿ ಇದೇ ಕ್ಯಾನ್ಸರ್ ಹಲವು ಪಟ್ಟು ಜಾಸ್ತಿಯಂತೆ. ಆ ತಳಿಗೆ ಮೊದಲೇ ಈ ಕಾಯಿಲೆ ಜಾಸ್ತಿ, ಅದೂ ನಿಜ. 2013ರಲ್ಲಿ ಅವರದೇ ಇನ್ನೊಂದು ಅಧ್ಯಯನದಲ್ಲಿ, ಔಷಧಿ ಹೊಡೆಯದ ಮನೆಯ ಕೆಲವು ನಾಯಿಗಳ ಮೂತ್ರದಲ್ಲೂ ಕಳೆನಾಶಕ ಸಿಕ್ಕಿತು. ಅಂದರೆ ಪಕ್ಕದವರು ಹೊಡೆದದ್ದೂ ಬರುತ್ತದೆ.

ಮೊದಲ ವರ್ಷ ಪೂರ್ತಿ ಸೋಲು. ವಿನೆಗರ್ ಹೊಡೆದೆ: ಎಲೆ ಸುಟ್ಟಿತು, ಹದಿನೈದು ದಿನಕ್ಕೆ ಬೇರು ಮತ್ತೆ ಚಿಗುರಿತು. ಉಪ್ಪು ಹಾಕಿದೆ: ಕಳೆಗಿಂತ ಮೊದಲು ಅಮ್ಮನ ಅಬ್ಬಲಿಗೆ ಸತ್ತಿತು, ಒಂದು ತಿಂಗಳು ಮಾತು ಬಂದ್. ಟಾರ್ಪಾಲ್ ಮುಚ್ಚಿದೆ: ಎತ್ತಿದಾಗ ಅಡಿಯಲ್ಲಿ ಕೊಳಕುಮಂಡಲ. ಇದಕ್ಕೆಲ್ಲ ಕಳಶವಿಟ್ಟಂತೆ ಕಾಫಿ ಸಿಪ್ಪೆಯನ್ನು ನಾಲ್ಕಿಂಚು ಹರಡಿದೆ. ಪುಕ್ಕಟೆ ಸಿಗುತ್ತೆ ಅಲ್ವಾ ಅಂತ! ಆಗಿನ್ನೂ ಮರಿಯಾಗಿದ್ದ ಚೆನ್ನಿ, ನಮ್ಮ ಮುಧೋಳ ತಳಿಯ ಹೆಣ್ಣು ನಾಯಿ, ಅದನ್ನು ತಿಂದು ರಾತ್ರಿಯಿಡೀ ನಡುಗಿದಳು. ಡಾಕ್ಟರು ಬೈದದ್ದು ಇನ್ನೂ ಕಿವಿಯಲ್ಲಿದೆ. ಕೆಫೀನ್ ನಾಯಿಗೆ ವಿಷ. ಕಾಫಿ ಬೆಳೆಯುವವನಿಗೆ ಇದು ಹೊಳೆಯಲಿಲ್ಲ ನೋಡಿ.

ಕೈಹಿಡಿದದ್ದು ಎರಡು: ವೀಡ್ ಕಟರ್ ಮತ್ತು ಅರಾಕಿಸ್ ಪಿಂಟಾಯ್, ಅದೇ ಹಳದಿ ಹೂವಿನ ಕಾಡುಶೇಂಗಾ ಬಳ್ಳಿ. ಕಟರ್‌ಗೆ ಆಗ 14 ಸಾವಿರವೋ 15 ಸಾವಿರವೋ ಕೊಟ್ಟೆ. ಮೊದಲ ದಿನವೇ ಕಲ್ಲು ಸಿಡಿದು ಜೀಪಿನ ಗಾಜು ಒಡೆಯಿತು, ಅದಕ್ಕೆ ಬೇರೆ ನಾಲ್ಕು ಸಾವಿರ. ಕಳೆ ಹೂ ಬಿಡುವ ಮೊದಲು ಕೊಚ್ಚಬೇಕು, ಮಳೆಗಾಲದಲ್ಲಿ ಸುಮಾರು 20 ದಿನಕ್ಕೊಮ್ಮೆ. ಬಳ್ಳಿಯನ್ನು ಜೂನ್ ಮಳೆ ಹಿಡಿದ ಮೇಲೆ ಒಂದು ಗೇಣು ಅಂತರದಲ್ಲಿ ನೆಟ್ಟೆ. ಎರಡು ವರ್ಷ ಏನೂ ಆಗುತ್ತಿಲ್ಲ ಅನ್ನಿಸಿತು. ಮೂರನೇ ವರ್ಷ ಅಂಗಳ ಮುಚ್ಚಿಕೊಂಡಿತು. ಈಗ ಕಟರ್ ಕೆಲಸ ಅರ್ಧಕ್ಕರ್ಧ ಕಡಿಮೆ.

ಉಣುಗಿನದು ಬೇರೆ ಕಥೆ. ಕರಿಯನಿಗೆ ತಿಂಗಳಿಗೊಮ್ಮೆ ಮೈತುಂಬ ಔಷಧಿ ನೀರು ಸುರಿಯುತ್ತಿದ್ದೆವು, ಗೂಡಿಗೂ ಅದನ್ನೇ. ಈಗ ಡಾಕ್ಟರು ಹೇಳಿದ ಮಾತ್ರೆ, ದಿನಾ ಬಾಚಣಿಗೆ, ಗೂಡಿನ ಗೋಡೆಯ ಬಿರುಕಿಗೆಲ್ಲ ಸುಣ್ಣ. ಸುಣ್ಣಕ್ಕೆ ಅಜ್ಜಿ ಹೇಳಿದ ಒಂದು ಸೊಪ್ಪಿನ ರಸ ಸೇರಿಸುತ್ತೇನೆ. ಯಾವ ಸೊಪ್ಪು ಎಂದು ಕೇಳಬೇಡಿ.

ತಲೆನೋವು ಅಂದರೆ ಮೇಲಿನ ತೋಟ. ಅವರು ಹೊಡೆದ ಮರುದಿನ ಮಳೆ ಬಂದರೆ ನೀರೆಲ್ಲ ನಮ್ಮ ಅಂಗಳಕ್ಕೆ. ಬೇಲಿಗುಂಟ ಒಂದೂವರೆ ಅಡಿ ಆಳದ ಚರಂಡಿ ತೆಗೆಸಿದೆ, ಹತ್ತು ಆಳು ಕೂಲಿ. ಈಗ ಅವರು ಹೊಡೆಯುವ ಹಿಂದಿನ ದಿನ ನನಗೆ ಫೋನು ಮಾಡುತ್ತಾರೆ. ಅವರನ್ನು ಹೇಗೆ ಒಪ್ಪಿಸಿದೆ ಅನ್ನುವುದು ನನಗೂ ಅವರಿಗೂ ಒಂದು ಕೋಳಿಸಾರಿಗೂ ಮಾತ್ರ ಗೊತ್ತು. ಫೋನು ಬಂದ ಮೇಲೆ ಮೂರು ದಿನ ನಾಯಿಗಳು ಹಿತ್ತಲಲ್ಲೇ. ನಮ್ಮ ತೋಟದೊಳಗೆ ಇನ್ನೂ ಔಷಧಿ ಹೊಡೆಯುವ ಕಡೆ ಇದೆ, ಸುಳ್ಳು ಯಾಕೆ ಹೇಳಲಿ. ಆದರೆ ಅಲ್ಲಿ ಹಾಕಿದ ಬೂಟು ಪಂಪ್‌ಶೆಡ್ ದಾಟಿ ಮನೆ ಕಡೆ ಬರುವುದಿಲ್ಲ. ಹಿಂಬಾಗಿಲಲ್ಲಿ ಒಂದು ಅಗಲ ತಗಡಿನ ತಟ್ಟೆಯಲ್ಲಿ ನೀರಿದೆ. ಹೊರಗಿಂದ ಬಂದ ನಾಯಿ ಅದರಲ್ಲಿ ನಿಂತೇ ಒಳಗೆ ಬರಬೇಕು. ಕಾಲು ನೆಕ್ಕಿದರೆ ಎಲ್ಲ ಹೊಟ್ಟೆಗೇ ತಾನೆ. ಚೆನ್ನಿ ಎರಡು ವಾರಕ್ಕೆ ಕಲಿತಳು. ಬೆಳ್ಳ, ನಾಟಿ ನಾಯಿ, ಈಗಲೂ ಹಾರಿ ದಾಟಲು ನೋಡುತ್ತಾನೆ.

ನಡುವೆ ಸೊಳ್ಳೆ ಬತ್ತಿಯನ್ನೂ ಬಿಟ್ಟೆವು. ಸಿಗರೇಟಿನ ಹೊಗೆಯಿಂದ ಉದ್ದ ಮೂತಿಯ ನಾಯಿಗಳಿಗೆ ಮೂಗಿನ ಕ್ಯಾನ್ಸರ್ ಹೆಚ್ಚು ಎಂದು ಓದಿದ್ದೆ. ಮುಧೋಳದ ಮೂತಿ ನೋಡಿದ್ದೀರಲ್ಲ? ಬತ್ತಿಯದೂ ಹೊಗೆಯೇ. ಕಿಟಕಿಗೆ ಜಾಲರಿ ಹಾಕಿಸಲು ಆರು ಸಾವಿರ. ಇನ್ನು ಅದೇ ಪರ್ಡ್ಯೂದವರು ತರಕಾರಿ ತಿನ್ನುವ ಟೆರಿಯರ್‌ಗಳಿಗೆ ಅಪಾಯ ಕಡಿಮೆ ಎಂದೂ ಬರೆದಿದ್ದಾರೆ. ಬಸಳೆ ಬೇಯಿಸಿ ಅನ್ನಕ್ಕೆ ಕಲಸಿದೆ. ಅನ್ನ ಮಾಯ, ಬಸಳೆ ತಟ್ಟೆಯಲ್ಲೇ. ಕ್ಯಾರೆಟ್ ಮಾತ್ರ ಕಸಿದುಕೊಂಡು ತಿನ್ನುತ್ತವೆ.

ಮೊದಲು ಅಂಗಳದ ಔಷಧಿ, ಆಳು ಸೇರಿ ವರ್ಷಕ್ಕೆ ಒಂಬತ್ತು ಸಾವಿರ ಬೀಳುತ್ತಿತ್ತು. ಈಗ ಪೆಟ್ರೋಲು, ನೈಲಾನ್ ದಾರ, ಕೂಲಿ ಎಲ್ಲ ಸೇರಿ ಆರೂವರೆ. ಆರು ತಿಂಗಳಿಗೊಮ್ಮೆ ಎರಡೂ ನಾಯಿಗಳ ಮೂತ್ರ ಪರೀಕ್ಷೆ ಮಾಡಿಸುತ್ತೇನೆ. ಇಲ್ಲಿಯವರೆಗೆ ರಕ್ತ ಕಂಡಿಲ್ಲ. ಕರಿಯನೂ ಎಂಟು ವರ್ಷದವರೆಗೆ ಚೆನ್ನಾಗಿಯೇ ಇದ್ದ, ಹಾಗಾಗಿ ಈಗಲೇ ಬೀಗುವುದಿಲ್ಲ. ಅಂಗಳದ ವಿಷಯಕ್ಕೆ ಮಾತ್ರ ಬೀಗುತ್ತೇನೆ.

ಬಳ್ಳಿ ಬೇಕಾದವರು ಜೂನ್ ಎರಡನೇ ವಾರ ಬನ್ನಿ, ಬೇರು ಸಮೇತ ಕೊಡುತ್ತೇನೆ. ಬೂಟು ಗೇಟಿನ ಹತ್ತಿರವೇ ಬಿಚ್ಚಿಡಿ.