ಓಟಿಲ್ಲದಿದ್ದರೂ ಬಾಯಿದೆ: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಬಂದ ಹೊಸದರಲ್ಲಿ ಇಲ್ಲಿನ ಗವರ್ನರ್ ಅಂದರೆ ನಮ್ಮ ರಾಜ್ಯಪಾಲರ ಹಾಗೆ ಮೇಲಿನಿಂದ ನೇಮಕವಾದವರು ಅಂದುಕೊಂಡಿದ್ದೆ. ಅಲ್ಲ, ಜನರೇ ಆರಿಸುತ್ತಾರೆ. ನಮ್ಮ ಲೆಕ್ಕದಲ್ಲಿ ಅವರು ಮುಖ್ಯಮಂತ್ರಿ. ಕಾಂಗ್ರೆಸ್ ಅಂದರೆ ಪಕ್ಷವಲ್ಲ, ಪಾರ್ಲಿಮೆಂಟು: ಸೆನೆಟ್‌ನಲ್ಲಿ 100 ಜನ, ಕೆಳಮನೆಯಲ್ಲಿ 435. ಅಲ್ಲಿ ಬಹುಮತ ತಪ್ಪಿದರೂ ಅಧ್ಯಕ್ಷರ ಕುರ್ಚಿ ಹೋಗುವುದಿಲ್ಲ. ರಿಪಬ್ಲಿಕನ್, ಡೆಮಾಕ್ರಟಿಕ್ ಪಕ್ಷಗಳಲ್ಲಿ ಬಿ ಫಾರಂ ಹಂಚುವ ಹೈಕಮಾಂಡ್ ಇಲ್ಲ. ಅಭ್ಯರ್ಥಿ ಯಾರೆಂದು ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮೊದಲ ಸುತ್ತಿನ ಚುನಾವಣೆಯಲ್ಲಿ, ಮತದಾರರೇ ತೀರ್ಮಾನಿಸುತ್ತಾರೆ. ಡ್ರೈವಿಂಗ್ ಲೈಸೆನ್ಸ್ ಅರ್ಜಿಯಲ್ಲಿ ಮತದಾರರ ನೋಂದಣಿ ಬೇಕೇ ಎಂದು ಕೇಳುತ್ತಾರೆ. ಪೌರತ್ವ ಸಿಗುವವರೆಗೆ, ಗ್ರೀನ್ ಕಾರ್ಡ್ ಇದ್ದರೂ, ‘ಹೌದು’ ಅನ್ನಬೇಡಿ.

ಇನ್ನು ಮಾತಿನ ಹಕ್ಕು. ನಾನು ಎಡವಿದ್ದು ಇಲ್ಲಿ, ಅದೂ ಎರಡು ಸಲ.

ಆಫೀಸಿನ ಗ್ರೂಪಿನಲ್ಲಿ ಚುನಾವಣೆ ಬಗ್ಗೆ ಖಾರವಾಗಿ ಬರೆದೆ. ಎಚ್‌ಆರ್ ಕರೆಸಿದಾಗ ‘ಫಸ್ಟ್ ಅಮೆಂಡ್‌ಮೆಂಟ್ ಇದೆಯಲ್ಲ’ ಅಂದೆ. ಮಾತಿನ ಹಕ್ಕನ್ನು ಕಾಯುವ, ಸಂವಿಧಾನದ 1791ರ ಆ ತಿದ್ದುಪಡಿ ಸರ್ಕಾರದ ಕೈ ಕಟ್ಟುತ್ತದೆ, ಖಾಸಗಿ ಕಂಪನಿಯದನ್ನಲ್ಲ. ವೀಸಾ ನೌಕರಿಗೆ ಅಂಟಿಕೊಂಡಿತ್ತು. ಆ ವಾರವೆಲ್ಲ ನಿದ್ದೆ ಬರಲಿಲ್ಲ.

ಎರಡನೆಯದು ಇವತ್ತಿಗೂ ನೋಯುತ್ತದೆ. ಹನ್ನೆರಡು ವರ್ಷದ ಮಗಳು ಶಾಲೆಯಲ್ಲಿ ಬಾವುಟಕ್ಕೆ ಪ್ಲೆಡ್ಜ್, ಅಂದರೆ ನಿಷ್ಠೆಯ ಪ್ರತಿಜ್ಞೆ, ಹೇಳುವಾಗ ಎದ್ದು ನಿಲ್ಲಲಿಲ್ಲವೆಂದು ಈಮೇಲ್ ಬಂತು. ರಾತ್ರಿ ಊಟಕ್ಕೆ ಕೂತಾಗ ಗದರಿದೆ: ‘ನಮಗ್ಯಾಕೆ ಊರ ಉಸಾಬರಿ? ನಾವು ಹೊರಗಿನವರು.’ ಅವಳು ಸಾರನ್ನವನ್ನು ಕಲಸುತ್ತಲೇ ಇದ್ದಳು, ತುತ್ತು ಎತ್ತಲಿಲ್ಲ. ‘ಹೊರಗಿನಿಂದ ಬಂದವನು ನೀನು, ಅಪ್ಪ. ನಾನು ಇಲ್ಲೇ ಹುಟ್ಟಿದ್ದು’ ಅಂದಳು, ಇಂಗ್ಲಿಷಿನಲ್ಲಿ. ಅಲ್ಲಿಯವರೆಗೆ ನನ್ನ ಜೊತೆ ಜಗಳವನ್ನೂ ಕನ್ನಡದಲ್ಲೇ ಆಡುತ್ತಿದ್ದಳು.

ಆಮೇಲೆ ಓದಿ ತಿಳಿದೆ. ಸರ್ಕಾರಿ ಶಾಲೆ ಮಕ್ಕಳಿಂದ ಬಲವಂತವಾಗಿ ಬಾವುಟಕ್ಕೆ ವಂದನೆ ಮಾಡಿಸುವಂತಿಲ್ಲ ಎಂದು ಇಲ್ಲಿನ ಸುಪ್ರೀಂ ಕೋರ್ಟ್ 1943ರಲ್ಲೇ, ಮಹಾಯುದ್ಧ ನಡೆಯುತ್ತಿದ್ದಾಗಲೇ, ವೆಸ್ಟ್ ವರ್ಜೀನಿಯಾದ ಪ್ರಕರಣದಲ್ಲಿ ಹೇಳಿತ್ತು. ರಾಷ್ಟ್ರಗೀತೆಗೆ ಎದ್ದು ನಿಂತರೂ ಹಾಡಲಿಲ್ಲವೆಂದು ಕೇರಳದಲ್ಲಿ ಶಾಲೆಯಿಂದ ಹೊರಹಾಕಿದ್ದ ಮೂವರು ಮಕ್ಕಳ ಪರವಾಗಿ 1986ರಲ್ಲಿ ನಮ್ಮ ಸುಪ್ರೀಂ ಕೋರ್ಟೂ ತೀರ್ಪು ಕೊಟ್ಟಿತ್ತು. ಎರಡು ದೇಶಗಳ ನ್ಯಾಯಾಲಯ ಮಕ್ಕಳಿಗೆ ಕೊಟ್ಟಿದ್ದನ್ನು ನಾನು ಮನೆಯೊಳಗೇ ಕಿತ್ತುಕೊಂಡಿದ್ದೆ. ಅವಳ ಕೋಣೆಗೆ ಹೋಗಿ ತಪ್ಪಾಯಿತು ಅಂದೆ.

ನನಗೆ ಇಲ್ಲಿ ಇನ್ನೂ ಓಟಿಲ್ಲ. ಊರಿನ ಓಟು ಹಾಕಬೇಕೆಂದರೆ ಮತಗಟ್ಟೆಗೇ ಹೋಗಬೇಕು. ಹದಿನಾಲ್ಕು ವರ್ಷವಾಯಿತು, ಬೆರಳಿಗೆ ಶಾಯಿ ಬಿದ್ದಿಲ್ಲ. ಆದರೆ ಸಿಟಿ ಕೌನ್ಸಿಲ್ ಸಭೆಯಲ್ಲಿ ಹೆಸರು ಬರೆಸಿದರೆ ಮೂರು ನಿಮಿಷ ಕೊಡುತ್ತಾರೆ. ನಾನಿರುವ ಈ ಊರಲ್ಲಿ ಪೌರತ್ವ ಯಾವುದೆಂದು ಯಾರೂ ಕೇಳಲಿಲ್ಲ. ಸ್ಕೂಲ್ ಬಸ್ ನಿಲ್ಲುವ ರಸ್ತೆಗೆ ಫುಟ್‌ಪಾತ್ ಬೇಕೆಂದು ಮಾತಾಡಿದೆ. ಕಾಗದ ಹಿಡಿದ ಕೈ ನಡುಗುತ್ತಿತ್ತು. ಮಗಳನ್ನೂ ಕರೆದುಕೊಂಡು ಹೋಗಿದ್ದೆ. ನೀವೂ ಮಕ್ಕಳನ್ನು ಕರೆದುಕೊಂಡೇ ಹೋಗಿ.