ಅಂಬಿಗನಿಗೆ ಕೇಳಿಸದ ಹೆಸರು

ಪ್ರತಿ ಶನಿವಾರ ರಾತ್ರಿ 9 ಗಂಟೆಗೆ ನಾವು ಏಳು ಜನ ಪಾತ್ರ ವಹಿಸಿ ಕಥೆ ಕಟ್ಟುವ ಆಟಕ್ಕೆಂದು ಡಿಸ್ಕಾರ್ಡ್ ಎಂಬ ಆನ್‌ಲೈನ್ ಹರಟೆ ತಾಣದಲ್ಲಿ ಸೇರುತ್ತೇವೆ. ಆರು ಜನರಿಗೆ ಒಂದೊಂದು ಪಾತ್ರ. ಲೋಕ, ಮಳೆ, ಶತ್ರು, ದಾರಿಹೋಕರು ಎಲ್ಲವೂ ನನ್ನ ಪಾಲು. ಮಂಡ್ಯ, ಪಾಂಡವಪುರ, ಮೈಸೂರುಗಳಲ್ಲಿ ಕುಳಿತು ಒಂದೇ ಕಥೆಯನ್ನು ಕನ್ನಡದಲ್ಲಿ ಟೈಪ್ ಮಾಡುತ್ತೇವೆ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಕಟ್ಟಲು ತೊಡಗಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ ‘ಮಡ್’ ಆಟವೂ ಹೀಗೆ ಬರೀ ಅಕ್ಷರಗಳಲ್ಲಿ ನಡೆಯುತ್ತಿತ್ತು. ಚಿತ್ರವಿಲ್ಲದ ಆಟದಲ್ಲಿ ಎಲ್ಲರ ಕಣ್ಣಿಗೂ ಒಂದೇ ದೃಶ್ಯ ಕಟ್ಟಬೇಕಾದರೆ ಎಲ್ಲರಿಗೂ ಗೊತ್ತಿರುವ ಹಳೆಯ ಜಾಡು ಬೇಕೇ ಬೇಕು. ಆಟದವರು ಅದನ್ನು ಟ್ರೋಪ್ ಎನ್ನುತ್ತಾರೆ. ಜಾನಪದ ಓದಿದವರಿಗೆ ‘ಆಶಯ’ ಎಂದರೆ ಹತ್ತಿರದ ಅರ್ಥ ಹೊಳೆಯುತ್ತದೆ.

ಇಂಥ ಆಟಗಳಲ್ಲಿ ಅಪರಿಚಿತರು ಮೊದಲು ಸೇರುವುದು ಹೆಂಡದಂಗಡಿಯಲ್ಲಿ. ಆರು ಜನರನ್ನು ಬೇಗ ಒಂದೆಡೆ ತರಲು ಅದು ಸುಲಭದ ದಾರಿ. ನಾನೂ ಒಮ್ಮೆ ಹಾಗೇ ಆರಂಭಿಸಿದೆ. ಮೂಲೆಯಲ್ಲಿ ಮುಸುಕಿನ ಮುದುಕ, ಮೇಜಿನ ಮೇಲೆ ನಕ್ಷೆ. ಯಾರ ಬರವಣಿಗೆಗೂ ಜೀವ ಬರಲಿಲ್ಲ, ಏಕೆಂದರೆ ಅಂಥ ಜಾಗವನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಎರಡನೆಯ ಆಟವನ್ನು ಆಲೆಮನೆಯಲ್ಲಿ ಶುರು ಮಾಡಿದೆ. ರಾತ್ರಿ ಹೊತ್ತು, ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ತುಂಬುತ್ತಿದ್ದಾರೆ, ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಿದೆ. ಆಲೆಮನೆಗೆ ಬಂದವರನ್ನು ಯಾರು, ಯಾವ ಊರು ಎಂದು ಕೇಳುವ ಮೊದಲೇ ಕೈಗೆ ಒಂದು ಲೋಟ ಹಾಲು ಕೊಡುತ್ತಾರೆ. ಕಬ್ಬಿನ ಹಾಲು ಎಂದು ಮಂಡ್ಯದವರಿಗೆ ಬಿಡಿಸಿ ಹೇಳಬೇಕಿಲ್ಲ. ಕಳ್ಳಿಯ ಪಾತ್ರ ವಹಿಸಿದ್ದ ಹುಡುಗಿ ಮೊದಲ ಸಾಲಿನಲ್ಲೇ ಬಿಸಿ ಬೆಲ್ಲವನ್ನು ಎಲೆಯಲ್ಲಿ ಕಟ್ಟಿಕೊಂಡು ಅಂಗೈ ಸುಟ್ಟುಕೊಂಡಳು. ಆ ಸುಟ್ಟ ಗಾಯ ಮೂರು ತಿಂಗಳು ಕಥೆಯಲ್ಲಿ ಉಳಿಯಿತು. ಬೀಗ ತೆಗೆಯುವಾಗಲೆಲ್ಲ ಅವಳು ಅದನ್ನು ನೆನೆಯುತ್ತಿದ್ದಳು.

ಹುಡುಕಿ ತರಬೇಕಾದ ಮಾಯಾವಸ್ತುವಿನ ಪಾಠವೂ ಮನೆಯ ಹತ್ತಿರವೇ ಇತ್ತು. ಚೆಲುವನಾರಾಯಣಸ್ವಾಮಿಯ ವಜ್ರದ ಕಿರೀಟವಾದ ವೈರಮುಡಿ ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ಮೇಲುಕೋಟೆಗೆ ಹೋಗುತ್ತದೆ. ದಾರಿಯುದ್ದಕ್ಕೂ ಹಳ್ಳಿಯವರು ಪೂಜೆ ಸಲ್ಲಿಸುತ್ತಾರೆ. ಅದರ ಮೇಲೆ ಹಗಲ ಬೆಳಕು ಬೀಳಬಾರದೆಂಬ ನಂಬಿಕೆಯಿಂದ ಉತ್ಸವ ನಡೆಯುವುದು ರಾತ್ರಿಯೇ. ವಸ್ತುವಿನ ಶಕ್ತಿಯನ್ನು ವರ್ಣಿಸುವುದು ಬಿಟ್ಟು ಅದನ್ನು ಹೊರುವ ನಿಯಮವನ್ನೂ ದಾರಿಯಲ್ಲಿ ಕಾಯುವ ಜನರನ್ನೂ ಬರೆಯತೊಡಗಿದ ಮೇಲೆ ನಮ್ಮ ಆಟದ ಕಿರೀಟಕ್ಕೆ ತೂಕ ಬಂತು.

ನಾನು ನಿಜವಾಗಿ ಎಡವಿದ್ದು ‘ಭವಿಷ್ಯವಾಣಿ ಆರಿಸಿದ ವೀರ’ ಎಂಬ ಆಶಯದಲ್ಲಿ. ಒಬ್ಬನೇ ಓದುವ ಕಾದಂಬರಿಗೆ ಅದು ಒಪ್ಪುತ್ತದೆ. ಆರು ಜನ ಸೇರಿ ಬರೆಯುವ ಕಥೆಯಲ್ಲಿ ಒಬ್ಬನನ್ನು ಆರಿಸಿದ ಕೂಡಲೇ ಉಳಿದ ಐವರು ಅವನ ಪರಿವಾರವಾಗಿಬಿಡುತ್ತಾರೆ. ಮೊದಲ ಆಟದ ನಾಲ್ಕನೆಯ ವಾರಕ್ಕೆ ಇಬ್ಬರ ಬರಹ ಒಂದೆರಡು ಸಾಲಿಗೆ ಇಳಿಯಿತು. ಹರಿಗೋಲು ನಡೆಸುವ ಅಂಬಿಗನ ಪಾತ್ರದ ಹುಡುಗ ಫೋನ್ ಮಾಡಿದ. ಅವನು ಪಾಂಡವಪುರದ ಕಡೆಯವನು. ‘ಅಕ್ಕಾ, ನಾನು ಹೊಳೆ ದಾಟಿಸಿಯಾಯಿತು. ಇನ್ನು ನನ್ನ ಪಾತ್ರ ಸತ್ತರೂ ಕಥೆ ನಿಲ್ಲುವುದಿಲ್ಲ, ಅಲ್ಲವೇ?’ ಎಂದ. ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ. ಆಟವನ್ನು ಅಲ್ಲಿಗೇ ನಿಲ್ಲಿಸಿದೆ.

ಆಮೇಲೆ ನನ್ನ ಕೈಹಿಡಿದದ್ದು ಅಲಮೇಲಮ್ಮನ ಶಾಪ. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ. ಚಿಕ್ಕಂದಿನಿಂದ ಕೇಳಿದ ಮಾತು. ಆದರೆ ಆ ಒಂದು ಶಾಪ ಮೂರು ಕಡೆಗೆ ಹಂಚಿಹೋಗಿದೆ ಎಂಬುದನ್ನು ನಾನು ಗಮನಿಸಿದ್ದು ಆಗಲೇ: ಒಂದು ನೆಲಕ್ಕೆ, ಒಂದು ನೀರಿಗೆ, ಒಂದು ವಂಶಕ್ಕೆ. ಹಾಗಾದರೆ ಭವಿಷ್ಯವಾಣಿಯನ್ನೂ ಹಂಚಬಹುದಲ್ಲ! ಅದೇ ಆರು ಜನರನ್ನು ಮತ್ತೆ ಕರೆದು, ಒಬ್ಬೊಬ್ಬರೂ ಒಂದೊಂದು ಸಾಲು ಬರೆದು ಗುಟ್ಟಾಗಿ ನನಗೆ ಕಳಿಸಿ ಎಂದೆ. ಯಾರ ಸಾಲು ಯಾವಾಗ ಫಲಿಸುತ್ತದೆಂದು ನಾನೂ ಮೊದಲೇ ತೀರ್ಮಾನಿಸಲಿಲ್ಲ. ಜೊತೆಗೊಂದು ಕಟ್ಟುನಿಟ್ಟಿನ ನಿಯಮ: ಇನ್ನೊಬ್ಬರ ಪಾತ್ರದ ಕೈಕಾಲನ್ನು ಯಾರೂ ಆಡಿಸಬಾರದು, ನಾನು ಕೂಡ.

ಅಂಬಿಗ ಕಳಿಸಿದ ಸಾಲು: ‘ನೀರು ಹಿಂದೆ ಸರಿದ ದಿನ ಊರು ತನ್ನ ಹೆಸರು ಹೇಳುತ್ತದೆ.’ ಅವನ ಮುತ್ತಜ್ಜಿಯ ಊರು ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದ್ದು ನನಗೆ ತಿಳಿದದ್ದು ಬಹಳ ತಡವಾಗಿ. ಅಲ್ಲಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು ಹೊಸ ಕನ್ನಂಬಾಡಿಗೆ ಸಾಗಿಸಿ ಮತ್ತೆ ಕಟ್ಟುವ ಮೊದಲು, ಬರಗಾಲದಲ್ಲಿ ನೀರು ಇಳಿದಾಗ ಅದು ತಲೆ ಎತ್ತುತ್ತಿತ್ತು.

ಆರನೆಯ ತಿಂಗಳಲ್ಲಿ ಆ ಸಾಲಿಗೆ ಕಾಲ ಕೂಡಿಬಂತು. ಆಟದ ಹೊಳೆ ಬತ್ತಿತು. ಹರಿಗೋಲು ಕೆಸರಿನಲ್ಲಿ ಕೂತಿತು. ಅಂಬಿಗ ಮೊದಲ ಬಾರಿ ತನ್ನ ಹೊಳೆಯ ತಳದಲ್ಲಿ ನಡೆದು, ಪಾಚಿಗಟ್ಟಿದ ಕಲ್ಲುಕಂಬಕ್ಕೆ ಕಿವಿ ಇಟ್ಟ. ಅವನಿಗೆ ಊರಿನ ಹೆಸರು ಕೇಳಿಸಬೇಕಾದರೆ ಇಪ್ಪತ್ತು ಮುಖದ ದಾಳದಲ್ಲಿ 15 ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕಿತ್ತು. ಅಂದರೆ ನೂರಕ್ಕೆ 30ರ ಅವಕಾಶ. ಬಿದ್ದದ್ದು 4.

ಹಳೆಯ ಅಭ್ಯಾಸದಂತೆ ಆ ಹೊತ್ತಿಗೆ ಒಬ್ಬ ಸನ್ಯಾಸಿಯನ್ನು ತಂದು ಕೈಹಿಡಿಸಬೇಕೆನಿಸಿತು. ಸಾಯಲೆಂದೇ ಹುಟ್ಟುವ ಗುರು, ಆಪತ್ತಿಗೆ ಒದಗುವ ಮುದುಕ, ಇವರೆಲ್ಲ ನನ್ನಂತೆ ಆಟ ನಡೆಸುವವರ ಭಯದಿಂದ ಹುಟ್ಟುವವರು ಎಂದು ಈಗ ನಂಬಿದ್ದೇನೆ. ಮನಸ್ಸು ಬಿಗಿಹಿಡಿದು ‘ಸೋತಿದ್ದೀಯ. ಏನಾಯಿತೆಂದು ನೀನೇ ಬರೆ’ ಎಂದಷ್ಟೇ ಟೈಪ್ ಮಾಡಿದೆ. ಹತ್ತು ನಿಮಿಷ ತೆರೆಯ ಮೇಲೆ ಏನೂ ಬರಲಿಲ್ಲ. ಆಮೇಲೆ ಮೂರು ವಾಕ್ಯ ಬಂದವು.

‘ಊರು ಹೆಸರು ಹೇಳಿತು. ಉಳಿದ ಐವರಿಗೂ ಕೇಳಿಸಿತು. ಅಂಬಿಗನಿಗೆ ಕೇಳಿಸಲಿಲ್ಲ.’

ಆ ರಾತ್ರಿ ಒಂದು ಗಂಟೆಯವರೆಗೆ ಯಾರೂ ಏಳಲಿಲ್ಲ. ಆ ಹೆಸರು ಏನೆಂದು ಐವರೂ ಬೇರೆ ಕಿಟಕಿಯಲ್ಲಿ ಮಾತಾಡಿ ಗೊತ್ತು ಮಾಡಿಕೊಂಡರು, ನನಗೂ ಹೇಳಲಿಲ್ಲ. ಈಗ ಆಟಕ್ಕೆ ಹನ್ನೊಂದು ತಿಂಗಳು. ಹೊಳೆಯಲ್ಲಿ ಮತ್ತೆ ನೀರು ಬಂದಿದೆ, ಹರಿಗೋಲು ತೇಲುತ್ತಿದೆ. ಪ್ರತಿ ಸಲ ದಾಟಿಸುವಾಗ ಅಂಬಿಗ ಜೊತೆಗಿರುವವರನ್ನು ಆ ಹೆಸರು ಕೇಳುತ್ತಾನೆ. ಕಳ್ಳಿ ತನ್ನ ಸುಟ್ಟ ಅಂಗೈಯನ್ನು ನೀರಿಗೆ ಇಳಿಬಿಟ್ಟು ಬೇರೆ ಮಾತು ತೆಗೆಯುತ್ತಾಳೆ.